ಒರೆಸುವ ಕೋಲಿಗೆ ರಜೆ

ದಿನಾ ಬೆಳಿಗ್ಗೆ ಆಕೆ ಮುಗಿಸಬೇಕಾದದ್ದು ಇಷ್ಟು: ನೆನೆಹಾಕಿದ ಬಟ್ಟೆ ಒಗೆದು ಹಿಂಡಿ ಹರವುವುದು, ಮೊದಲ ಟೀಗೆ ನೀರಿಡುವುದು, ಅತ್ತೆಯ ಮೊಣಕಾಲಿಗೆ ಬಿಸಿನೀರಿನ ಚೀಲ ತುಂಬಿಸಿ ಕೊಡುವುದು, ಹಾಲು ಕಾಯಿಸುವುದು, ಹಾಲು ಉಕ್ಕುವುದರೊಳಗೆ ತರಕಾರಿ ಹೆಚ್ಚಿಕೊಳ್ಳುವುದು, ಕುಕ್ಕರ್ ಇಡುವುದು, ಮಗಳನ್ನು ಎಬ್ಬಿಸುವುದು, ಗಂಡನ ಅಂಗಿಗೆ ಇಸ್ತ್ರಿ ಹಾಕುವುದು, ಗಂಡನನ್ನು ಎಬ್ಬಿಸುವುದು, ಮಗಳನ್ನು ಮತ್ತೆ ಎಬ್ಬಿಸುವುದು, ಡಬ್ಬಿ ಕಟ್ಟುವುದು, ಮನೆ ಗುಡಿಸುವುದು, ಒರೆಸುವುದು. ಇದರ ನಡುವೆ ಹಿತ್ತಿಲಿಗೆ ಹೋಗಿ ಬರುವುದು ಯಾರ ಲೆಕ್ಕದಲ್ಲೂ ಇಲ್ಲ. ಆದರೂ ಆಕೆ ಹೋಗಿ ಬರುತ್ತಾಳೆ. ಟೀ ನೀರು ಕುದಿಯುವುದರೊಳಗೆ ಒಂದು ಸಲ, ಕುಕ್ಕರ್ ಕೂಗುವುದರೊಳಗೆ ಇನ್ನೊಂದು ಸಲ, ಕಸದ ಬುಟ್ಟಿಯ ನೆಪದಲ್ಲಿ ಮತ್ತೊಂದು ಸಲ. ಕೊರಳಲ್ಲಿ ಕ್ಯಾಮೆರಾ, ಅದು ಕಾಣದ ಹಾಗೆ ಮೇಲೊಂದು ಅಡುಗೆಮನೆಯ ಟವೆಲ್ಲು.

ಕ್ಯಾಮೆರಾ ತಮ್ಮನದು. ಅವನು ಹೊಸದು ಕೊಂಡಾಗ ಹಳೆಯದನ್ನು ಅಕ್ಕನ ಕೈಗೆ ಹಾಕಿ, "ಮನೇಲಿ ಫಂಕ್ಷನ್ನಿಗೆ ಆಗುತ್ತೆ ಇಟ್ಕೋ" ಅಂದಿದ್ದ. ಆಕೆ ಅದರಲ್ಲಿ ಒಂದು ಫಂಕ್ಷನ್ನನ್ನೂ ಹಿಡಿಯಲಿಲ್ಲ. ಮೊದಲು ಹಿಡಿದದ್ದು ಚರಂಡಿ ಕೊಳವೆಯ ಮೇಲೆ ಕೂತು ಬಾಲ ಎತ್ತಿ ಹಾಡುತ್ತಿದ್ದ ಮಡಿವಾಳ ಹಕ್ಕಿಯನ್ನು. ಚಿತ್ರದಲ್ಲಿ ಬಂದದ್ದು ಕೊಳವೆ ಮತ್ತು ಅರ್ಧ ಬಾಲ. ಅಷ್ಟಕ್ಕೇ ಆಕೆಯ ಎದೆ ಡವಡವ ಹೊಡೆದುಕೊಂಡಿತ್ತು. ಇಷ್ಟು ವರ್ಷ ಅದೇ ಕೊಳವೆಯ ಕೆಳಗೆ ಪಾತ್ರೆ ಬೆಳಗುತ್ತ ಕೇಳಿದ ಸಿಳ್ಳೆ, ಪಕ್ಕದ ಮನೆ ಹುಡುಗರದು ಅಂದುಕೊಂಡು ಬೈದುಕೊಂಡಿದ್ದ ಸಿಳ್ಳೆ, ಅಂಗೈಯಷ್ಟಿರುವ ಈ ಕಪ್ಪು ಬಿಳುಪು ಜೀವದ್ದು ಎಂದು ಅವತ್ತೇ ಗೊತ್ತಾದದ್ದು.

ಆಮೇಲೆ ಹುಚ್ಚು ಹಿಡಿಯಿತು. ಆಕೆಗೆ ಕನ್ನಡಕದ ಅಂಗಡಿಯಲ್ಲಿ ಕೆಲಸ. ಗಾಜು ಉಜ್ಜಿ ಚೌಕಟ್ಟಿಗೆ ಕೂರಿಸುವುದು, ಬಂದವರ ಮೂಗಿನ ಮೇಲಿಟ್ಟು "ಈಗ ಸರಿ ಕಾಣುತ್ತಾ?" ಎಂದು ಕೇಳುವುದು. ಅಂಗಡಿಯ ಹಿಂದಿನ ಕಿಟಕಿಯಿಂದ ಕಾಲುವೆ ಕಾಣುತ್ತಿತ್ತು. ಅಲ್ಲೊಂದು ಮಿಂಚುಳ್ಳಿ ವೈರಿನ ಮೇಲೆ ಕೂತು ಧೊಪ್ಪನೆ ನೀರಿಗೆ ಬೀಳುತ್ತಿತ್ತು. ಊಟದ ಬಿಡುವಿನಲ್ಲಿ ಆಕೆ ಒಂದು ಕೈಯಲ್ಲಿ ತುತ್ತು, ಇನ್ನೊಂದು ಕೈಯಲ್ಲಿ ಕ್ಯಾಮೆರಾ ಹಿಡಿದು ಅಲ್ಲೇ ನಿಂತಿರುತ್ತಿದ್ದಳು. ಅಂಗಡಿಯವರು ಇಟ್ಟ ಹೆಸರು ಕ್ಲಿಕ್ಕಮ್ಮ. "ಕ್ಲಿಕ್ಕಮ್ಮ, ಗಿರಾಕಿ ಬಂದಿದಾರೆ, ಇವರದ್ದೂ ಒಂದು ತೆಗೆದು ಕಳ್ಸಿ" ಎಂದು ರೇಗಿಸುವರು. ಆಕೆ ನಗುತ್ತಿದ್ದಳು. ನೂರರಲ್ಲಿ ತೊಂಬತ್ತು ಚಿತ್ರ ಮಸುಕು. ಉಳಿದದ್ದನ್ನು ಮನೆಗೆ ಹೋಗುವ ಬಸ್ಸಿನಲ್ಲಿ ನಿಂತುಕೊಂಡೇ ದೊಡ್ಡದು ಮಾಡಿ ನೋಡುವಾಗ, ನೀಲಿ ಗರಿಯ ಮೇಲೆ ಕೂತ ಒಂದೊಂದು ಹನಿಯೂ ಕಾಣುವಾಗ, ಇಳಿಯಬೇಕಾದ ಸ್ಟಾಪು ದಾಟಿಹೋಗುತ್ತಿತ್ತು.

ಮನೆಯಲ್ಲಿ "ಏನ್ ಮಾಡ್ತಿದೀಯ ಅಲ್ಲಿ?" ಎಂದು ಒಳಗಿನಿಂದ ಯಾರು ಕೂಗಿದರೂ ಆಕೆಯ ಉತ್ತರ ಒಂದೇ: "ಸುಮ್ನೆ." ಅದೊಳ್ಳೆ ಮಾತು. ಅದರ ಹಿಂದೆ ಯಾರೂ ಬರುವುದಿಲ್ಲ. ಅದರ ತೊಂದರೆಯೂ ಅಲ್ಲೇ. ಸುಮ್ಮನೆ ನಿಂತವಳ ಕೈ ಖಾಲಿ ಎಂದುಕೊಂಡು ಮನೆಯವರು ತಕ್ಷಣ ಅದರಲ್ಲಿ ಏನಾದರೊಂದು ತುಂಬುತ್ತಾರೆ. "ಸುಮ್ನೆ ತಾನೇ ಇರೋದು, ಈ ಗುಂಡಿ ಹಾಕ್ಕೊಡು."

ಹಿತ್ತಿಲೆಂದರೆ ಒಗೆಯುವ ಕಲ್ಲು, ನಲ್ಲಿ, ಒಂದು ಕುಂಡದಲ್ಲಿ ನಿಂಬೆ ಗಿಡ. ನಿಂಬೆ ಬಿಡಲಿಲ್ಲ, ಚಿಟ್ಟೆ ಬಿಟ್ಟಿತು. ಕಪ್ಪು ರೆಕ್ಕೆಯ ಮೇಲೆ ಹಳದಿ ಚುಕ್ಕೆ ಎರಚಿದಂಥ ಚಿಟ್ಟೆ ಬಂದು ಚಿಗುರಿನ ಮೇಲೆ ಮೊಟ್ಟೆಯಿಟ್ಟು ಹೋಗುತ್ತಿತ್ತು. ಮೊಟ್ಟೆಯನ್ನು ಆಕೆ ಹಿಡಿದಳು, ಎಲೆ ಕೊರೆಯುವ ಹುಳುವನ್ನು ಹಿಡಿದಳು, ಹುಳು ಕೋಶವಾಗಿ ಕಡ್ಡಿಗೆ ಅಂಟಿಕೊಂಡದ್ದನ್ನೂ ಹಿಡಿದಳು. ಕೋಶ ಒಡೆದು ಚಿಟ್ಟೆ ಹೊರಬರುವ ಗಳಿಗೆ ಮಾತ್ರ ಕೈಗೆ ಸಿಕ್ಕಿರಲಿಲ್ಲ. ಹಾಳಾದ್ದು, ಅದು ಒಡೆಯುವುದೂ ಬೆಳಗಿನ ಜಾವವೇ. ಒಮ್ಮೆ ಹಾಲು ಇಳಿಸಲು ಒಳಗೆ ಹೋಗಿ ಬರುವಷ್ಟರಲ್ಲಿ ಖಾಲಿ ಸಿಪ್ಪೆ ತೂಗುತ್ತಿತ್ತು. ಇನ್ನೊಮ್ಮೆ ಮಗಳ ಕಾಲುಚೀಲ ಹುಡುಕಿ ಕೊಟ್ಟು ಬಂದಾಗ ಚಿಟ್ಟೆ ರೆಕ್ಕೆ ಒಣಗಿಸಿಕೊಳ್ಳುತ್ತಿತ್ತು. ಎರಡು ಸಲವೂ ಆಕೆ ಒಗೆಯುವ ಕಲ್ಲಿನ ಮೇಲೆ ಕೂತು, ಕೂತದ್ದಕ್ಕೆ ಬೈಸಿಕೊಂಡಳು.

ಈ ಸಲ ಮರಿಹುಳುಗಳು ತುಂಬಾ ಇದ್ದವು. ಎಳೆಯದರಲ್ಲಿ ಅವು ನೋಡಲು ಹಕ್ಕಿ ಹಿಕ್ಕೆಯ ಹಾಗೆಯೇ ಇರುತ್ತವೆ, ಹಕ್ಕಿಗಳು ಮೋಸಹೋಗಲಿ ಎಂದು. ಮೋಸಹೋದದ್ದು ಗಂಡ. ಹಿಂದಿನ ದಿನ ಇಬ್ಬರಿಗೂ ಮಾತಾಗಿತ್ತು. ಅವನು ಮನೆಯಲ್ಲಿ ಒಂದು ಕಡ್ಡಿಯನ್ನೂ ಎತ್ತಿ ಆಚೆ ಇಡುವುದಿಲ್ಲ ಎಂದು ಆಕೆ ಅಂದಿದ್ದಳು, ಅವನಿಗೆ ಅದು ಚುಚ್ಚಿತ್ತು. ತಾನು ಕೆಲಸ ಮಾಡುವ ಅಂಚೆ ಕಚೇರಿಗೆ ರಜೆಯಿದ್ದ ಆ ಬೆಳಿಗ್ಗೆ ಅವನು ಒದ್ದೆ ಬಟ್ಟೆ ಹಿಡಿದು ನಿಂಬೆ ಗಿಡದ ಒಂದೊಂದು ಎಲೆಯನ್ನೂ ಒರೆಸಿ ಫಳಫಳ ಹೊಳೆಯಿಸಿ ಆಕೆಯನ್ನು ಕರೆದ.

"ನೋಡು, ಹಕ್ಕಿ ಹಿಕ್ಕೆ ಎಲ್ಲಾ ತೆಗೆದಿದೀನಿ. ನೀನು ಬರೀ ಫೋಟೋ ತೆಗೀತೀಯ, ಗಲೀಜು ಯಾರು ತೆಗೀಬೇಕು?"

ಮದುವೆಯಾದಾಗಿನಿಂದ ಹೇಳಿಸಿಕೊಳ್ಳದೆ ಅವನು ಮಾಡಿದ ಮೊದಲ ಮನೆಗೆಲಸ ಅದು. ಅವನ ಕೈಯಲ್ಲಿದ್ದ ಬಟ್ಟೆಯನ್ನೇ ನೋಡುತ್ತ ಆಕೆ, "ಚೆನ್ನಾಯ್ತು" ಅಂದಳು. ಬಟ್ಟೆಯನ್ನು ಇಸಿದುಕೊಂಡಳು, ನಲ್ಲಿಯ ಕೆಳಗೆ ಹಿಡಿಯಲು ಮನಸ್ಸಾಗಲಿಲ್ಲ.

ಎಲೆಯಡಿ ಇದ್ದ ಒಂದೇ ಒಂದು ಹುಳು ಉಳಿದಿತ್ತು. ಅದು ತಿಂದು ತಿಂದು ಹಸಿರಾಗಿ, ಬೆರಳ ದಪ್ಪವಾಗಿ, ಒಂದು ದಿನ ಗಿಡ ಬಿಟ್ಟು ಅಲೆದಾಡತೊಡಗಿತು. ಕುಂಡದ ಪಕ್ಕ ಗೋಡೆಗೆ ಒರಗಿಸಿಟ್ಟ ನೆಲ ಒರೆಸುವ ಕೋಲನ್ನು ಹತ್ತಿತು. ಹಿಡಿಯುವ ಜಾಗದಲ್ಲೇ, ಆಕೆಯ ಅಂಗೈ ಉಜ್ಜಿ ಉಜ್ಜಿ ನುಣುಪಾದಲ್ಲೇ, ಸೊಂಟಕ್ಕೊಂದು ನೂಲು ಬಿಗಿದುಕೊಂಡು ಕೋಶವಾಗಿ ಕೂತಿತು.

ಆಕೆ ಕೋಲನ್ನು ಮುಟ್ಟಲಿಲ್ಲ. ಅಂದಿನಿಂದ ಹಳೆಯ ಚಿಂದಿ ಹಿಡಿದು, ಮಂಡಿಯೂರಿ, ಕೋಣೆಯಿಂದ ಕೋಣೆಗೆ ತೆವಳಿ ನೆಲ ಒರೆಸಿದಳು. ಮಂಡಿ ಕೆಂಪಾಗಿ ಊದಿಕೊಂಡಿತು. ಟಿವಿಗೂ ಗಂಡನಿಗೂ ನಡುವೆ ಒರೆಸುತ್ತ ಹೋದಾಗ ಅವನು ಕಾಲೆತ್ತಿಕೊಂಡ, ಇಳಿಸಿದ. ಮಗಳು ಪುಸ್ತಕದಿಂದ ತಲೆಯೆತ್ತದೆ, "ಅಮ್ಮಾ, ಇಲ್ಲಿ ಒದ್ದೆ ಮಾಡ್ಬೇಡ" ಅಂದಳು. ಒರೆಸುವ ಕೋಲೆಲ್ಲಿ ಎಂದು ಯಾರೂ ಕೇಳಲಿಲ್ಲ. ಆ ಮನೆಯಲ್ಲಿ ಅದನ್ನು ಮುಟ್ಟುವ ಇನ್ನೊಂದು ಕೈಯೇ ಇಲ್ಲವಾದ್ದರಿಂದ ಕೋಶದಷ್ಟು ಭದ್ರವಾಗಿ ಇನ್ನಾವುದೂ ಇರಲಿಲ್ಲ. ಆಕೆಗೆ ನಗು ಬಂತು. ನಗು ಹೋದ ಮೇಲೆ ಇನ್ನೇನೋ ಬಂತು, ಅದು ಹೋಗಲಿಲ್ಲ.

ಹಾಗೇ ಕೆಲವು ದಿನ ಕಳೆದು, ಒಂದು ಸಂಜೆ ಅಂಗಡಿಯಿಂದ ಬಂದವಳು ಚಪ್ಪಲಿ ಬಿಡುವ ಮೊದಲೇ ಹಿತ್ತಿಲಿಗೆ ಹೋಗಿ ನೋಡಿದಳು. ಹಸಿರು ಕೋಶ ಕಪ್ಪಾಗಿತ್ತು. ಸಿಪ್ಪೆಯೊಳಗೆ ಮಡಿಚಿಟ್ಟ ರೆಕ್ಕೆಯ ಹಳದಿ ಚುಕ್ಕೆಗಳು ಕಾಣುತ್ತಿದ್ದವು. ನಾಳೆ ಬೆಳಿಗ್ಗೆ. ತಪ್ಪುವುದೇ ಇಲ್ಲ. ಅಲ್ಲಿಂದ ಮುಂದೆ ಆಕೆ ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ಉಪ್ಪು ಹಾಕಿದ ಪಲ್ಯಕ್ಕೆ ಮತ್ತೆ ಉಪ್ಪು ಹಾಕಿದಳು.

ಊಟಕ್ಕೆ ಕೂತಾಗ ಗಂಡ ಅಂದ, "ದೊಡ್ಡಕ್ಕ, ಭಾವ ನಾಳೆ ಬೆಳಗಿನ ರೈಲಿಗೆ ಬರ್ತಾರಂತೆ. ತಿಂಡಿ ಮುಗಿಸಿ ಮುಂದಕ್ಕೆ ಹೋಗ್ತಾರೆ."

ದೊಡ್ಡಕ್ಕ ಅವನ ಅಕ್ಕ. ಯಾರ ಮನೆಗೆ ಹೋದರೂ ಕೂರುವ ಮೊದಲು ಕಿಟಕಿಯ ಅಂಚಿನ ಮೇಲೆ ಬೆರಳು ಎಳೆದು ನೋಡುವವಳು.

"ಎಷ್ಟೊತ್ತಿಗೆ?"

"ಬೆಳಕು ಹರಿಯೋ ಹೊತ್ತಿಗೆ. ಯಾಕೆ?"

"ನಾಳೆ ಒಂದಿನ ನೀವು ಟೀ ಇಡ್ತೀರಾ?"

"ನಾನು ಮಾಡಿದ ಟೀ ಕುಡಿದ್ರೆ ಭಾವ ಅದೇ ರೈಲಲ್ಲಿ ವಾಪಸ್ ಹೋಗ್ತಾರೆ."

ಮಗಳು ನಕ್ಕಳು. ಅಭ್ಯಾಸಬಲದಿಂದ ಆಕೆಯೂ ನಕ್ಕಳು. ಆಮೇಲೆ ಅಂದಳು, "ಹಿತ್ತಿಲಲ್ಲಿ ಒಂದು ಕೋಶ ಇದೆ. ನಾಳೆ ಬೆಳಿಗ್ಗೆ ಒಡೆಯುತ್ತೆ. ನಾನದನ್ನ ನೋಡ್ಬೇಕು."

"ನೋಡು. ಯಾರು ಬೇಡ ಅಂದ್ರು? ತಿಂಡಿ ಆದ್ಮೇಲೆ ಆರಾಮಾಗಿ ನೋಡು."

"ಅಷ್ಟೊತ್ತಿಗೆ ಅದು ಹೋಗಿರುತ್ತೆ."

"ಇನ್ನೊಂದು ಬರುತ್ತೆ ಬಿಡು. ಚಿಟ್ಟೆಗೇನು ಬರ."

ಮೂಲೆಯಲ್ಲಿ ಕೂತು ಕಾಲು ನೀವಿಕೊಳ್ಳುತ್ತಿದ್ದ ಅತ್ತೆ ಆಗ ಬಾಯಿಬಿಟ್ಟರು. "ಒರೆಸೋ ಕೋಲಿಗೆ ರಜೆ ಕೊಟ್ಟಿದ್ದೆಯಲ್ಲ, ಇನ್ನೂ ಮುಗಿದಿಲ್ವಾ ಅದರ ರಜೆ?"

ಆಕೆ ಅತ್ತೆಯ ಕಡೆ ತಿರುಗಿದಳು.

"ಯಾವ ಕೋಲು?" ಅಂದ ಗಂಡ.

"ನಿಂಗೆ ಗೊತ್ತಾಗಲ್ಲ ಬಿಡಪ್ಪ," ಅತ್ತೆ ಸೊಸೆಯ ಮಂಡಿ ನೋಡಿದರು. "ನಾನೂ ಈ ಮನೆ ನೆಲ ಒರೆಸಿದವಳೇ ಕಣಮ್ಮ. ನಿನ್ನ ಹುಚ್ಚು ನಿಂಗಿರಲಿ. ನಾಳೆ ದೊಡ್ಡವಳು ಮೂಲೆ ಮೂಲೆ ನೋಡ್ತಾಳೆ. ಅವಳು ಬರೋ ಹೊತ್ತಿಗೆ ನೀನು ನೆಲದ ಮೇಲೆ ತೆವಳ್ತಾ ಇರೋದು ಬೇಡ."

ಅದು ಕನಿಕರವೋ ಅಪ್ಪಣೆಯೋ ಆಕೆಗೆ ತಿಳಿಯಲಿಲ್ಲ. ಎರಡೂ ಇರಬಹುದು.

ಬೆಳಿಗ್ಗೆ ಆಕೆ ದಿನಕ್ಕಿಂತ ಬೇಗ ಎದ್ದಳು. ಎಲ್ಲ ಮೊದಲೇ ಮುಗಿಸಿಬಿಟ್ಟರೆ ಆಯಿತು ಎಂಬ ಲೆಕ್ಕ. ಕೆಲಸಕ್ಕೆ ಆ ಲೆಕ್ಕ ಗೊತ್ತಾಗಿಬಿಟ್ಟಿತ್ತೋ ಏನೋ, ಮುಗಿಸಿದಷ್ಟೂ ಬೆಳೆಯಿತು. ಬಟ್ಟೆ ಹರವಿ ಬಂದರೆ ಅತ್ತೆಯ ಬಿಸಿನೀರಿನ ಚೀಲ ಸೋರುತ್ತಿತ್ತು. ಅದನ್ನು ಸರಿ ಮಾಡಿದರೆ ಅತಿಥಿಗಳ ಟವೆಲ್ಲು ಬೀರುವಿನ ತಳದಲ್ಲಿತ್ತು. ಒಳಗೆ, ಹೊರಗೆ, ಒಳಗೆ. ಚಾಕು ಹಿಡಿದುಕೊಂಡೇ ಹಿತ್ತಿಲಿಗೆ ಬಂದು ನೋಡಿ ಹೋದಳು. ನೆಲವನ್ನು ಕೊನೆಗೂ ಮಂಡಿಯೂರಿಯೇ ಒರೆಸಿದಳು, ನಡುಮನೆಯನ್ನಷ್ಟೇ.

ಹಾಲು ಒಲೆಯ ಮೇಲಿಟ್ಟು ಮತ್ತೆ ಬಂದಾಗ ಆಕಾಶ ಬೂದಿಬಣ್ಣಕ್ಕೆ ತಿರುಗಿತ್ತು. ಕೋಶದ ಕತ್ತಿನ ಹಿಂದೆ ಕೂದಲೆಳೆಯಷ್ಟು ಬಿರುಕು.

ಆಕೆ ಕೂತಳು. ಕ್ಯಾಮೆರಾ ಕಣ್ಣಿಗೊತ್ತಿದಳು. ಬಿರುಕು ಅಲುಗಿತು, ನಿಂತಿತು, ಅಲುಗಿತು.

ಮುಂಬಾಗಿಲ ಗಂಟೆ ಹೊಡೆಯಿತು.

"ಬಂದ್ರು ಅನ್ಸುತ್ತೆ, ಬಾಗ್ಲು ತೆಗೀ," ಗಂಡನ ದನಿ ಹೊದಿಕೆಯೊಳಗಿನಿಂದ ಬಂತು. "ಅಮ್ಮಾ, ಬೆಲ್ಲು," ಮಗಳು. ಗಂಟೆ ಮತ್ತೆ ಹೊಡೆಯಿತು. ಮನೆಯಲ್ಲಿ ಮೂರು ಜನ ಅದನ್ನು ಕೇಳಿಸಿಕೊಂಡರು, ಮೂವರಿಗೂ ಅದು ಆಕೆಯನ್ನು ಕರೆಯುವ ಗಂಟೆ. ಒಲೆಯ ಕಡೆಯಿಂದ ಹಾಲು ಏರುವ ವಾಸನೆ.

ಆಕೆಯ ಕಾಲು ತಾನೇ ಎದ್ದಿತು. ಅಡುಗೆಮನೆಗೆ ಓಡಿದಳು. ಹಾಲಿನ ಒಲೆ ಆರಿಸಿದಳು. ಕುಕ್ಕರ್ ಇನ್ನೂ ಕೂಗಿರಲಿಲ್ಲ, ಅದರ ಒಲೆಯನ್ನೂ ಆರಿಸಿದಳು. ಮುಂಬಾಗಿಲು ಅಲ್ಲಿಂದ ಕಾಣುತ್ತಿತ್ತು. ಅದರ ಆಚೆ ದೊಡ್ಡಕ್ಕನ ದನಿ, "ಇನ್ನೂ ಮಲಗಿದಾರೇನ್ರೀ ಇವರು" ಎಂದು ಭಾವನಿಗೆ ಹೇಳುತ್ತಿದ್ದದ್ದು ಕೇಳಿಸಿತು. ಬಾಗಿಲು ತೆಗೆಯುವುದು ಎಷ್ಟರ ಕೆಲಸ. ತೆಗೆದ ಮೇಲೆ ಚೀಲ ಇಸಿದುಕೊಳ್ಳಬೇಕು. ಆಮೇಲೆ ನೀರು, ಆಮೇಲೆ ಟೀ, ಆಮೇಲೆ "ಏನಮ್ಮ ಇಷ್ಟು ಸೊರಗಿದೀಯ".

ಆಕೆ ತಿರುಗಿದಳು. ಹಿತ್ತಿಲಿಗೆ ಬಂದು ಬಾಗಿಲನ್ನು ತನ್ನ ಹಿಂದೆ ಎಳೆದು ಮುಚ್ಚಿದಳು. ಕೋಶದೊಳಗಿನಿಂದ ತಲೆಯೊಂದು ಹೊರಬಂದಿತ್ತು. ಒದ್ದೆ ಒದ್ದೆ ಕಾಲುಗಳು ನುಣುಪು ಕೋಲಿನ ಮೇಲೆ ಹಿಡಿತ ಹುಡುಕುತ್ತಿದ್ದವು. ರೆಕ್ಕೆಗಳು ಹಿಂಡಿ ಎಸೆದ ಬಟ್ಟೆಯ ಹಾಗೆ ಮುದುರಿಕೊಂಡಿದ್ದವು.

"ಎಲ್ಲಿದೀಯ? ಏನ್ ಮಾಡ್ತಿದೀಯ ಅಲ್ಲಿ?" ಗಂಡ ಈಗ ಎದ್ದಿದ್ದ.

ನಾಲಿಗೆಯ ತುದಿಗೆ ಬಂದ "ಸುಮ್ನೆ"ಯನ್ನು ಆಕೆ ನುಂಗಿಕೊಂಡಳು. ಮಳೆಗಾಲದಲ್ಲಿ ಗಾಳಿಗೆ ಬಡಿದುಕೊಳ್ಳದಿರಲಿ ಎಂದು ಆ ಬಾಗಿಲಿಗೆ ಹೊರಗಡೆಯೂ ಒಂದು ಚಿಲಕವಿತ್ತು. ತುಕ್ಕು ಹಿಡಿದಿತ್ತು. ಎರಡೂ ಕೈಯಲ್ಲಿ ಅಲ್ಲಾಡಿಸಿ ಎಳೆದು ಚಿಲಕ ಹಾಕಿದಳು, ಮಂಡಿಯೂರಿ ಕ್ಯಾಮೆರಾ ಎತ್ತಿಕೊಂಡಳು.