ದೊಡ್ಡಿಯಲ್ಲೇ ಕೂತಿದ್ದ ಹಸು

ಕರಿಕೆ ಕಡೆಯ ಒಂದು ಶಾಲೆಯಲ್ಲಿ ಒಂದು ಹಸು ತಿಂಗಳಿಂದ ದೊಡ್ಡಿಯಲ್ಲಿ ಕೂತಿತ್ತು. ಕೂರಿಸಿದವನು ನಾನು.

ನಿಜವಾದ ಹಸುವಲ್ಲ, ಐದನೇ ಕ್ಲಾಸಿನ ಹುಡುಗಿ. ಅಲ್ಲಿನ ಮಕ್ಕಳಿಗೆ ನಾಟಕ ಬರೆದುಕೊಡಲು ಒಪ್ಪಿದ್ದೆ. ಗದ್ದೆ ಮೇಯ್ದ ಹಸುವನ್ನು ದೊಡ್ಡಿಗೆ ಹಾಕುತ್ತಾರೆ, ಪಂಚಾಯ್ತಿ ಸೇರುತ್ತದೆ, ಗದ್ದೆಯವನೂ ಹಸುವಿನವನೂ ವಾದಿಸುತ್ತಾರೆ. ಎರಡು ದೃಶ್ಯಗಳನ್ನು ಒಂದೇ ವಾರದಲ್ಲಿ ಕಳಿಸಿದೆ. ಮೂರನೆಯದು, ಅಂದರೆ ತೀರ್ಪು, ಬರಲೇ ಇಲ್ಲ.

ಏಕೆ? ತಾವು ಬಲ್ಲಿರಿ, ನಾನು ಡಿಬೇಟಿನವನು. ಕೊಡಗು ಮೈಸೂರಿಗೆ ಸೇರಲಿ ಎಂದು ಒಮ್ಮೆ, ಸೇರಬಾರದು ಎಂದು ಇನ್ನೊಮ್ಮೆ ಮಾತಾಡಿ ಎರಡು ಸಲವೂ ಕಪ್ ಹೊತ್ತು ತಂದವನು. (ನನ್ನ ಅಭಿಪ್ರಾಯ ಏನೆಂದು ಯಾರೂ ಕೇಳಲಿಲ್ಲ. ಒಳ್ಳೆಯದೇ ಆಯಿತು.) ಯಾವ ತೀರ್ಪು ಬರೆದರೂ ಅದನ್ನು ಐದು ನಿಮಿಷದಲ್ಲಿ ನಾನೇ ಹೊಡೆದುಹಾಕುತ್ತಿದ್ದೆ. ಡಿಬೇಟಿನಲ್ಲಾದರೆ ಹೊತ್ತಿಗೆ ಸರಿಯಾಗಿ ಯಾರೋ ಗಂಟೆ ಬಾರಿಸುತ್ತಾರೆ, ಅಲ್ಲಿಗೆ ಮುಗಿಯುತ್ತದೆ. ಮನೆಯಲ್ಲಿ ಗಂಟೆ ಬಾರಿಸುವವರು ಯಾರು?

ಹೋದ ವಾರ ತಪ್ಪಿಸಿಕೊಂಡು ಚೆಟ್ಟಳ್ಳಿಗೆ ಹೋದೆ. ಮಾವ ಅಲ್ಲಿ ಒಂದು ಎಸ್ಟೇಟಿನ ರೈಟರ್. (ಆಳುಗಳ ಹಾಜರಿ ಬರೆಯುವ ರೈಟರ್. ಅವರ ಬರವಣಿಗೆ ಪ್ರತಿ ಸಂಜೆ ಮುಗಿಯುತ್ತದೆ.) ಕಾಫಿ ಪಿಕಿಂಗಿನ ಕೊನೆಯ ಸುತ್ತು ನಡೆದಿತ್ತು. ಹೆಂಗಸರು ಗಿಡದಲ್ಲಿದ್ದದ್ದನ್ನೆಲ್ಲ ಕಿತ್ತು ಬುಟ್ಟಿಗೆ ಹಾಕುತ್ತಿದ್ದರು. ಹಣ್ಣಷ್ಟೇ ಅಲ್ಲ, ಹಸಿರು ಕಾಯಿಯೂ.

"ಅದು ಇನ್ನೂ ಕಾಯಿ, ಒಂದು ವಾರ ಬಿಟ್ಟರೆ ಹಣ್ಣಾಗುತ್ತಲ್ಲ," ಎಂದೆ ಮುಂದಿದ್ದ ಚೆನ್ನಮ್ಮನಿಗೆ. ಹಾಸನದ ಕಡೆಯಿಂದ ಬಂದು ಆಳುಗಳ ಲೈನುಮನೆಯಲ್ಲಿರುವಾಕೆ.

"ಆಯ್ತದೆ. ಆಗ ಇನ್ನೊಂದು ಕಾಯಾಗಿರ್ತದೆ. ಅದುಕ್ಕೊಂದು ವಾರ ಕಾಯನ?"

"ಹಾಗಂತ ಹಸಿ ಕೀಳೋದು ನಷ್ಟ ಅಲ್ವಾ?"

"ಗಿಡ ಬರೋ ಸಲದ ಹೂವಿಗೆ ತಯಾರಾಗಬ್ಯಾಡವಾ ಸ್ವಾಮಿ? ಇದ ತಲೆ ಮ್ಯಾಲೆ ಹೊತ್ಕಂಡು ಎಂಗಾದಾತು?" ಎಂದು ಪಕ್ಕದವಳ ಕಡೆ ತಿರುಗಿದಳು. "ರೈಟರ್ ಅಳಿಯಂಗೆ ಒಂದು ಬುಟ್ಟಿ ಕೊಡೇ, ಬರೀ ಬಾಯಿ ಆಡ್ತಾ ಅದೆ."

ಡಿಬೇಟಿನಲ್ಲಿ ಅಂದು ಮೊದಲ ಸಲ ಸೋತೆ. ಕಪ್ ಅವಳಿಗೆ.

ಮಧ್ಯಾಹ್ನ ಬಸ್ಸಿನಿಂದ ಬಸಪ್ಪ ಮೇಷ್ಟ್ರು ಇಳಿದರು. ಶನಿವಾರಸಂತೆ ಕಡೆಯವರು, ಕರಿಕೆಯ ಆ ಶಾಲೆಗೆ ಅವರೊಬ್ಬರೇ ಮೇಷ್ಟ್ರು. ಹಿಂದಿನ ದಿನವೇ ಭಾಗಮಂಡಲದವರೆಗೆ ನಡೆದು, ಅಲ್ಲಿಂದ ಬಸ್ಸು ಹಿಡಿದು, ಮಡಿಕೇರಿಯ ಮನೆಯಲ್ಲಿ ನಾನಿಲ್ಲವೆಂದು ತಿಳಿದು ಇಲ್ಲಿಗೇ ಬಂದಿದ್ದರು. ನನ್ನನ್ನು ಹುಡುಕಿಕೊಂಡು ಬಂದದ್ದು ಇದು ಮೂರನೇ ಸಲ.

"ಕೊನೇ ಸೀನು?" ಎಂದರು.

"ಇನ್ನೂ ಸರಿ ಬಂದಿಲ್ಲ ಮೇಷ್ಟ್ರೆ."

ಅವರು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ವಾದಿಸಬಹುದಿತ್ತು. ಬೆಂಚಿನ ಮೇಲೆ ಕೂತು ಚಪ್ಪಲಿ ಬಿಚ್ಚಿ ಪಾದ ಒತ್ತಿಕೊಂಡರು. "ನಂಗೆ ಟ್ರಾನ್ಸ್‌ಫರ್ ಆಗೈತೆ ಕಣಪ್ಪ. ಈ ತಿಂಗಳು ಮುಗುದ್ರೆ ಹೊರಟೆ. ಬರೋ ಮೇಷ್ಟ್ರಿಗೆ ನಾಟಕದ ಉಸಾಬರಿ ಬೇಕಾ? ಆ ಹಸು ಹುಡುಗಿ ದಿನಾ ಕೇಳ್ತಾಳೆ, ನನ್ನ ಬಿಡ್ತಾರಾ ಇಲ್ವಾ ಸಾರ್ ಅಂತ. ಏನು ಹೇಳ್ಲಿ?"

ವಾಪಸ್ ಬಸ್ಸಿಗೆ ಮುಕ್ಕಾಲು ಗಂಟೆಯಿತ್ತು.

ಮಾವನ ಮೇಜಿನ ಮುಂದೆ ಕೂತು ಬರೆದೆ. ಇಷ್ಟೂ ದಿನ ಕೂಡಿಟ್ಟ ವಾದಗಳಲ್ಲಿ ಒಂದೂ ನೆರವಿಗೆ ಬರಲಿಲ್ಲ. ಪಂಚಾಯ್ತಿಯ ಹಿರಿಯ ಎದ್ದು ಹೇಳುತ್ತಾನೆ: "ಹೊತ್ತಾಯಿತು. ಕರು ಕಾಯ್ತಾ ಇರುತ್ತೆ. ಹಸು ಬಿಡಿ, ಬೇಲಿಯ ಮಾತು ನಾಳೆ." ಅಷ್ಟೇ. ಇದು ತೀರ್ಪೇ? ಗದ್ದೆಯವನ ಗತಿಯೇನು? ಹಸಿರು ಕಾಯಿ ಎಂದು ನನಗೇ ಗೊತ್ತಿತ್ತು. ಆದರೂ ಕಿತ್ತು ಕೊಟ್ಟೆ. ಮೇಷ್ಟ್ರು ಓದದೆ ಮಡಿಚಿ ಜೇಬಿಗಿಟ್ಟುಕೊಂಡು ಬಸ್ಸು ಹತ್ತಿದರು.

ನಿನ್ನೆ ಅವರ ಕಾರ್ಡು ಬಂತು. ನಾಟಕ ಆಯಿತಂತೆ. ಹಿರಿಯನ ಪಾತ್ರದವನು ಅರ್ಧ ಮಾತು ಮರೆತನಂತೆ. ಗದ್ದೆಯವನ ಪಾತ್ರ ಮಾಡಿದ ಹುಡುಗನ ಅಪ್ಪ ಎದ್ದು ನಿಂತು "ಇದು ನ್ಯಾಯ ಅಲ್ಲ" ಎಂದರಂತೆ. "ಹಸು ಬಿಡಿ" ಎಂದದ್ದೇ ತಡ, ಹುಡುಗಿ ಪರದೆಗೂ ಕಾಯದೆ ಓಡಿಹೋದಳಂತೆ.

ಕಾರ್ಡು ಓದಿ ಸುಸ್ತಾಗಿ ಕೂತೆ. ಆ ದೃಶ್ಯದಲ್ಲಿ ಏಳು ತಪ್ಪುಗಳನ್ನು ಈಗಲೇ ಎಣಿಸಿ ತೋರಿಸಬಲ್ಲೆ. ಬರೆಯದೆ ಇಟ್ಟುಕೊಂಡಿದ್ದಾಗ ಅದರಲ್ಲಿ ಒಂದೂ ತಪ್ಪಿರಲಿಲ್ಲ. ಅದಕ್ಕೇ ಅಲ್ಲವೆ ನಾವು ಯಾವುದನ್ನೂ ಮುಗಿಸದಿರುವುದು?