ಕಾಲುವೆ ದಂಡೆಯ ಮೇಲೆ ಮೊಮ್ಮಗಳ ಸರದಿ

ಗೆಳೆಯರೆಲ್ಲ ಕೇಳಿ, ಇವತ್ತು ಮುಂಜಾನೆ ನನ್ನ ಮೊಮ್ಮಗಳು ಮಂದಿಯ ಮುಂದೆ ನನ್ನ ಮರ್ಯಾದೆ ತೆಗೆದಳು. ನಮ್ಮೂರ ಹೈಸ್ಕೂಲು ಹುಡುಗಿಯರು ಶಹಾಪುರದ ಗುಡ್ಡಗಾಡು ಓಟಕ್ಕೆ ಕಾಲುವೆ ದಂಡೆಯ ಮೇಲೆ ತಾವೇ ತಯಾರಾಗುತ್ತಿದ್ದಾರೆ. ದಿನಕ್ಕೊಬ್ಬಳು ತಂಡ ನಡೆಸಬೇಕು. ಚೆನ್ನಾಗಿ ನಡೆಸಿದವಳೇ ನಾಯಕಿ. ಇವತ್ತು ನಮ್ಮ ರೇಣುಕಾಳ ಸರದಿ, ಕಡೆಯ ಸರದಿ. ನೋಡಿದರೆ ಅವಳು ಎಲ್ಲರಿಗಿಂತ ಹಿಂದೆ!

ಕುರಿ ಹೊಡೆದುಕೊಂಡು ಹೊರಟಿದ್ದ ನನಗೆ ಪಿತ್ತ ನೆತ್ತಿಗೇರಿತು.

“ಏ ರೇಣಿ, ಮುಂದ ಓಡು! ನಾಯಕಿ ಆಗಾಕಿ ಹಿಂಗ ಬಾಲ ಹಿಡಕೊಂಡು ಹೊಂಟೀಯಲ್ಲ, ನಾಚಿಕಿ ಬರಂಗಿಲ್ಲೇನು?”

ಏದುಸಿರು ಬಿಡುತ್ತಿದ್ದ ಸಣ್ಣ ಹುಡುಗಿಯೊಬ್ಬಳ ಪಕ್ಕದಲ್ಲಿ ಓಡುತ್ತಲೇ ಅವಳು ಕೂಗಿದಳು: “ಮುತ್ಯಾ, ನೀ ಕುರಿ ಮುಂದ ನಡೀತಿಯೋ, ಹಿಂದ ನಡೀತಿಯೋ? ನಾನೂ ಮುಂದ ಹೋದ್ರ ಹಿಂದ ಉಳದಾಕಿನ್ನ ಯಾರು ನೋಡ್ಬೇಕು?”

ಹುಡುಗಿಯರೆಲ್ಲ ಬಿದ್ದು ಬಿದ್ದು ನಕ್ಕರು. ನಾನು ಕುರಿಗಳ ಹಿಂದೆ ನಡೆದೆ.

ಒಬ್ಬಳೂ ನಡುವೆ ನಿಲ್ಲದೆ ಎಲ್ಲರೂ ತೂಬಿನವರೆಗೆ ಓಡಿದರು. ಅಲ್ಲೇ ಕೈ ಎತ್ತಿ ರೇಣುಕಾಳನ್ನು ನಾಯಕಿ ಮಾಡಿದರು. ಮೊದಲು ಕೈ ಎತ್ತಿದವಳು ಆ ಸಣ್ಣ ಹುಡುಗಿ.

ಊರಿನಲ್ಲಿ ನನ್ನ ಬಾಯಿ ಮುಚ್ಚಿಸುವವರು ಯಾರೂ ಹುಟ್ಟಿಲ್ಲ ಎಂದುಕೊಂಡಿದ್ದೆ. ಹುಟ್ಟಿದ್ದಾಳೆ, ಅದೂ ನಮ್ಮ ಮನೆಯಲ್ಲೇ.