ನಕ್ಷತ್ರ ಕಟ್ಟದ ಮನೆ

ಆತಗೂರು ಹೋಬಳಿಯ ಕಲ್ಲುಬಾವಿದೊಡ್ಡಿಯಲ್ಲಿ ಚರ್ಚ್ ಬೀದಿ ಅಂತ ಒಂದು ಬೀದಿ. ಇರುವುದು ಇಪ್ಪತ್ತು ಚಿಲ್ಲರೆ ಮನೆ. ಡಿಸೆಂಬರ್ ಬಂತೆಂದರೆ ಅಲ್ಲಿ ಮನೆಮನೆಯ ಮುಂದೂ ಒಂದೊಂದು ನಕ್ಷತ್ರ ತೂಗುತ್ತದೆ. ತೂಗದ ಮನೆ ಇದ್ದರೆ ಆ ವರ್ಷ ಅಲ್ಲಿ ಸಾವಾಗಿದೆ ಎಂದೇ ಅರ್ಥ, ಯಾರೂ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಸಾವಾದ ವರ್ಷ ಗೌಡರ ಮನೆಗಳಲ್ಲಿ ಹಬ್ಬ ಮಾಡುವುದಿಲ್ಲ, ಎಣ್ಣೆ ಬಾಣಲೆ ಒಲೆಗೇರುವುದಿಲ್ಲವಲ್ಲ, ಹಾಗೇ ಇದು. ದೇವರು ಬೇರೆಯಾದರೇನು, ಗದ್ದೆಗೆ ಹರಿಯುವ ನಾಲೆ ಒಂದೇ. ಕ್ರಿಸ್ಮಸ್ ದಿನ ಪೂಜೆ ಮುಗಿಸಿದ ಜನ ಮೊದಲು ಹೋಗುವುದು ನಕ್ಷತ್ರ ಕಟ್ಟದ ಮನೆಗೆ. ತಮ್ಮ ಮನೆಯ ಅಡಿಗೆಯಲ್ಲಿ ಒಂದು ಪಾಲು ಒಯ್ದು, ಜಗುಲಿಯಲ್ಲಿ ಕೂತು, ಸತ್ತವರ ಹೆಸರೆತ್ತಿ ನಾಲ್ಕು ಮಾತಾಡಿ, ಬಲವಂತ ಮಾಡಿ ಒಂದು ತುತ್ತು ತಿನ್ನಿಸಿ ಬರುತ್ತಾರೆ.

ಲೂರ್ದಮ್ಮನಿಗೆ ಈ ವರ್ಷ ಬೇಕಾಗಿದ್ದದ್ದು ಇಷ್ಟೇ. ತನ್ನ ಮನೆಗೆ ನಕ್ಷತ್ರ ಕಟ್ಟಬಾರದು. ಜನ ಅದನ್ನು ನೋಡಬೇಕು. ನೋಡಿ, ಯಾರಾದರೂ ಒಬ್ಬರು ಬಂದು ಮಗಳ ಹೆಸರು ಹೇಳಬೇಕು.

ಲೂರ್ದಮ್ಮ ಮಳವಳ್ಳಿ ಕಡೆಯ ಹೆಣ್ಣು. ಗಾರೆ ಕೆಲಸದ ಮರಿಯಯ್ಯನನ್ನು ಕಟ್ಟಿಕೊಂಡು ಈ ಊರಿಗೆ ಬಂದವಳು. ಗೌಡರ ಪೈಕಿ ಪುಟ್ಟಸ್ವಾಮಿಯವರ ಹುಳದ ಮನೆಯಲ್ಲಿ ರೇಷ್ಮೆ ಹುಳಕ್ಕೆ ಸೊಪ್ಪು ಹಾಕುವ ಕೆಲಸ ಹಿಡಿದಳು, ಇವತ್ತಿಗೂ ಬಿಟ್ಟಿಲ್ಲ. ಬಾಯಿ ಜೋರು. ಕೂಲಿಯಲ್ಲಿ ಹೆಚ್ಚುಕಮ್ಮಿಯಾದರೆ ಗೌಡ ಅಂತಲೂ ನೋಡುವವಳಲ್ಲ. ಆದರೆ ಸುತ್ತಿನ ನಾಲ್ಕಾರು ಹಳ್ಳಿಗಳಲ್ಲಿ ಅವಳ ಹೆಸರು ಓಡಾಡುವುದು ಬೇರೆಯದಕ್ಕೆ. ಅವಳಂತೆ ಅಳುವವರಿಲ್ಲ. ಸಾವಿನ ಮನೆ ಯಾರದಾದರೂ ಆಗಲಿ, ಗೌಡರದೋ ಹೊಲಗೇರಿಯದೋ ಚರ್ಚ್ ಬೀದಿಯದೋ, ಲೂರ್ದಮ್ಮ ಬಂದು ಹೆಣದ ತಲೆಯ ಹತ್ತಿರ ಕೂತು ಸೊಲ್ಲೆತ್ತಿದಳೆಂದರೆ ಕಲ್ಲಿನಂತೆ ನಿಂತ ಗಂಡಸರೂ ಟವೆಲಿಗೆ ಕೈ ಹಾಕುತ್ತಿದ್ದರು. ಅವಳು ಸುಮ್ಮನೆ ಗೋಳಾಡುವುದಿಲ್ಲ, ಮಾತು ಕಟ್ಟಿ ಅಳುತ್ತಾಳೆ. ಪುಟ್ಟಸ್ವಾಮಿಯ ತಾಯಿ ತೀರಿದಾಗ "ಕಣಜದ ಬೀಗದ ಕೈಯ ಯಾರ್ ಸೆರಗಿಗೆ ಕಟ್ಬುಟ್ಟೋದ್ಯವ್ವ" ಎಂದಿದ್ದಳು. ಆ ಮನೆಯ ಮೂವರು ಸೊಸೆಯರೂ ಬಿದ್ದು ಬಿದ್ದು ಅತ್ತರು. ಬೀಗದ ಕೈ ಯಾರಿಗೆ ಅನ್ನುವ ಜಗಳ ಆಮೇಲೆ ಶುರುವಾಯಿತು, ಅದು ಬೇರೆ ಮಾತು.

ಊರಿಗೆಲ್ಲ ಅತ್ತ ಇವಳು ಹೊಟ್ಟೆಯಲ್ಲಿ ಹುಟ್ಟಿದ ಮಗಳಿಗೆ ಅಳಲಿಲ್ಲ. ಅಳಲು ಬಿಡಲಿಲ್ಲ ಅನ್ನುವುದು ಸರಿ.

ದೀಪಿಕ ಒಬ್ಬಳೇ ಮಗಳು. ಪಿಯುಸಿ ಮುಗಿಸಿ ಗೆಜ್ಜಲಗೆರೆಯ ಗಾರ್ಮೆಂಟ್ಸಿಗೆ ಸೇರಿದಳು. ಹೋಗಿ ಬರುವ ಬಸ್ಸಿನಲ್ಲಿ ಯಲಿಯೂರಿನ ಅಶೋಕನ ಪರಿಚಯವಾಯಿತು. ಅವನಿಗೂ ಅಲ್ಲೇ ಒಂದು ಫ್ಯಾಕ್ಟರಿಯಲ್ಲಿ ಕೆಲಸ. ಒಳ್ಳೆಯ ಹುಡುಗ, ಕುಡಿತವಿಲ್ಲ, ಬೀಡಿಯಿಲ್ಲ. ಅವನ ತಾಯಿ ಪಟ್ಟಲಮ್ಮ ಹುಡುಗಿಯನ್ನು ನೋಡಿದ ದಿನವೇ ಸೊಸೆ ಎಂದು ಒಪ್ಪಿದ್ದಳು. ಒಪ್ಪದವನು ಮರಿಯಯ್ಯ. ಯೇಸಪ್ಪನ ಮುಂದೆ ಎಲ್ಲರೂ ಒಂದೇ ಎಂದು ಬಾಯಿ ತುಂಬಾ ಹೇಳುತ್ತಿದ್ದ ಮನುಷ್ಯನಿಗೆ ಹುಡುಗನ ಕೇರಿ ಯಾವುದೆಂದು ತಿಳಿದ ಕೂಡಲೆ ಆ ಮಾತು ಮರೆತುಹೋಯಿತು. ಇಬ್ಬರೂ ಮಂಡ್ಯದಲ್ಲಿ ರಿಜಿಸ್ಟರ್ ಮಾಡಿಕೊಂಡರು. ಅವತ್ತೇ ಮರಿಯಯ್ಯ ಬೀದಿಯಲ್ಲಿ ನಿಂತು, ನನಗೆ ಮಗಳೇ ಇಲ್ಲ ಎಂದು ಕೂಗಿ ಹೇಳಿದ.

ಲೂರ್ದಮ್ಮ ಹುಳದ ಮನೆಯಿಂದ ಕದ್ದು ಫೋನು ಮಾಡುತ್ತಿದ್ದಳು. ಹೋದ ಕ್ರಿಸ್ಮಸ್‌ನಲ್ಲಿ ದೀಪಿಕ ಯಲಿಯೂರಿನ ಗಂಡನ ಮನೆಗೂ ಒಂದು ನಕ್ಷತ್ರ ಕಟ್ಟಿದ್ದಳು. "ಅವ್ವ, ಇಲ್ಲಿ ಎಲ್ಲಾರೂ ಬಂದು ನೋಡ್ಕಂಡ್ ಓಯ್ತಾವ್ರೆ ಕಣವ್ವ" ಎಂದು ಫೋನಿನಲ್ಲಿ ನಕ್ಕಿದ್ದಳು.

ಈ ಆಗಸ್ಟ್‌ನಲ್ಲಿ ಅವಳಿಗೆ ಡೆಂಗಿ ಜ್ವರ ಬಂತು. ನಾಲ್ಕಾರು ದಿನ ಮಂಡ್ಯದ ಆಸ್ಪತ್ರೆಯಲ್ಲಿದ್ದು ಹೋಗಿಬಿಟ್ಟಳು. ಅಶೋಕನ ಫೋನು ಬಂದಾಗ ಮರಿಯಯ್ಯ ಹೊಸ್ತಿಲ ಮೇಲೆ ಕೂತಿದ್ದ. ಎದ್ದು ದಾರಿ ಬಿಡಲಿಲ್ಲ. "ದಾಟಿ ಓದ್ರೆ ಅಂಗೇ ಓಗ್ಬುಡು. ವಾಪಸ್ ಬರಬ್ಯಾಡ" ಎಂದ. ಲೂರ್ದಮ್ಮ ದಾಟಲಿಲ್ಲ. ಗೌಡರಿಗೇ ಜೋರು ಮಾಡುವ ಹೆಂಗಸು ಅವತ್ತು ಯಾಕೆ ದಾಟಲಿಲ್ಲ? ಆ ಪ್ರಶ್ನೆಯನ್ನು ಅವಳೇ ದಿನಕ್ಕೆ ನೂರು ಸಲ ಕೇಳಿಕೊಂಡಿದ್ದಾಳೆ.

ಊರಿಗೆ ಸುದ್ದಿ ಗೊತ್ತಾಗದೆ ಇರಲಿಲ್ಲ. ಆದರೆ ಮನೆಯವರೇ ಬಾಯಿ ಬಿಡದ ಸಾವನ್ನು ಊರವರು ಹೇಗೆ ಎತ್ತಿಯಾರು? ದುಃಖ ಕೇಳಲು ಬರುವವರಿಗೆಂದು ಜಗುಲಿಯಲ್ಲಿ ಚಾಪೆ ಹಾಸದ ಮನೆಗೆ ಯಾರು ಬಂದು ಕೂತಾರು? ಬಾವಿಕಟ್ಟೆಯಲ್ಲಿ ಇವಳನ್ನು ಕಂಡರೆ ಹೆಂಗಸರು ಮಾತು ನಿಲ್ಲಿಸುತ್ತಿದ್ದರು, ಆಮೇಲೆ ಮಳೆಯ ಸುದ್ದಿ ತೆಗೆಯುತ್ತಿದ್ದರು. ಹಾಗಾಗಿ ಲೂರ್ದಮ್ಮ ಕ್ರಿಸ್ಮಸ್ಸನ್ನು ಕಾಯತೊಡಗಿದಳು. ತನ್ನ ಬಾಯಿ ಹೇಳಲಾರದ್ದನ್ನು ಬರಿದಾದ ಸೂರು ಹೇಳಲಿ ಎಂದು.

ಮರಿಯಯ್ಯನೇನು ದಡ್ಡನೇ? ನವೆಂಬರಿನಲ್ಲೇ ಮದ್ದೂರಿಗೆ ಹೋಗಿ, ಬೀದಿಯಲ್ಲೇ ಯಾರ ಮನೆಯಲ್ಲೂ ಇಲ್ಲದಷ್ಟು ದೊಡ್ಡ ಪ್ಲಾಸ್ಟಿಕ್ ನಕ್ಷತ್ರ ತಂದ. ಒಳಗೆ ಬಣ್ಣ ಬದಲಿಸುವ ಲೈಟು.

"ಇದ ಕಟ್ಬ್ಯಾಡ" ಎಂದಳು ಲೂರ್ದಮ್ಮ. "ನಿನ್ ಕಾಲಿಗೆ ಬೀಳ್ತೀನಿ. ಈ ಒಂದ್ ವರ್ಸ ಕಟ್ಬ್ಯಾಡ."

"ಯಾಕೆ? ನಮ್ಮನೇಲಿ ಯಾರೂ ಸತ್ತಿಲ್ಲ" ಎಂದ ಮರಿಯಯ್ಯ. ಆ ಮಾತಿಗೆ ಅವಳು ಅನ್ನದ ತಟ್ಟೆಯನ್ನು ಎತ್ತಿ ಗೋಡೆಗೆ ಎಸೆದಳು. ಅವತ್ತಿನಿಂದ ಇಬ್ಬರ ನಡುವೆ ಮಾತಿಲ್ಲ.

ಹೀಗಿರುವಾಗ ಚರ್ಚಿನಲ್ಲಿ ಸಭೆ ಸೇರಿತು. ಮಾತು ಎತ್ತಿದವಳು ಶಾಲಿನಿ, ಅದೇ ಬೀದಿಯ ಹುಡುಗಿ, ಮಳವಳ್ಳಿಯಲ್ಲಿ ಟೀಚರು. ಹೋದ ವರ್ಷ ಹಬ್ಬ ಮುಗಿದ ಮೇಲೆ ಹರಿದ ನಕ್ಷತ್ರ, ಬಾಲಯೇಸುವನ್ನು ಮಲಗಿಸುವ ಗೋದಲಿಗೆ ಹಾಕಿದ ಥರ್ಮಾಕೋಲು, ಮಿಂಚುವ ಜರಿ, ಊಟದ ಪ್ಲಾಸ್ಟಿಕ್ ತಟ್ಟೆ ಎಲ್ಲವನ್ನೂ ಜನ ನಾಲೆಗೆ ತಳ್ಳಿದ್ದರು. ಅದು ಪುಟ್ಟಸ್ವಾಮಿಯವರ ತೂಬಿಗೆ ಕಟ್ಟಿಕೊಂಡು, ಗದ್ದೆ ತುಂಬ ಬಿಳಿ ಚೂರು ಹರಡಿ, ಪಾಪ ಆ ಮನುಷ್ಯ ಸಂಕ್ರಾಂತಿಯವರೆಗೂ ಆಯ್ದಿದ್ದೇ ಆಯ್ದಿದ್ದು. ಶಾಲಿನಿ ಹೇಳಿದ್ದರಲ್ಲಿ ಒಂದೂ ತಪ್ಪಿರಲಿಲ್ಲ. ಯಾರ ಮನೆಗೂ ನಕ್ಷತ್ರ ಬೇಡ, ಸೀರಿಯಲ್ ಸೆಟ್ಟು ಬೇಡ, ಪಟಾಕಿ ಬೇಡ. ಚರ್ಚಿನ ಮುಂದೆ ಬಿದಿರು ಸೀಳಿ ಕಾಗದ ಅಂಟಿಸಿದ ಒಂದೇ ನಕ್ಷತ್ರ ಸಾಕು. ಗೋದಲಿಯನ್ನು ಕೆರೆ ಮಣ್ಣಿನಲ್ಲಿ ಕಟ್ಟಿ ಕಬ್ಬಿನ ತರಗು ಹೊದಿಸೋಣ. ಊಟ ಬಾಳೆ ಎಲೆಯಲ್ಲಿ. ಉಳಿದ ದುಡ್ಡಿಗೆ ನಾಲೆ ಏರಿಯ ಮೇಲೆ ಹೊಂಗೆ ಸಸಿ. ಫಾದರಿಗೆ ಬಹಳ ಸಂತೋಷವಾಯಿತು. ಒಪ್ಪುವವರು ಕೈ ಎತ್ತಿ ಎಂದರು. ಎಲ್ಲರ ಕೈಗಿಂತ ಮೊದಲು ಮೇಲೆ ಹೋದದ್ದು ಮರಿಯಯ್ಯನ ಕೈ.

ಎಲ್ಲರ ಮನೆಯೂ ಕತ್ತಲೆಯಾದರೆ ತನ್ನ ಮನೆಯ ಕತ್ತಲೆ ಯಾರ ಕಣ್ಣಿಗೆ ಬಿದ್ದೀತು? ಲೂರ್ದಮ್ಮ ಎದ್ದು ನಿಂತಳು.

"ಸಾಲಿನಿ, ನಮ್ಮನೆ ಒಂದ ಬುಟ್ಟು ಎಲ್ಲಾರೂ ಕಟ್ಕಳ್ಳಿ ಕಣವ್ವ."

ಜನ ಗೊಳ್ಳೆಂದು ನಕ್ಕರು. ಕರೆಂಟು ಬಿಲ್ಲಿಗೆ ಹೆದರಿಕೊಂಡಳು ಎಂದು ಯಾರೋ ಹಿಂದಿನಿಂದ ಚುಡಾಯಿಸಿದರು. ಶಾಲಿನಿಯೂ ನಕ್ಕು, "ಹಂಗಲ್ಲ ಕಣಕ್ಕ, ಎಲ್ಲರಿಗೂ ಒಂದೇ ನಿಯಮ" ಎಂದಳು. ಲೂರ್ದಮ್ಮ ಸೆರಗು ಎಳೆದುಕೊಂಡು ಕೂತಳು.

ಹಬ್ಬವೇನೋ ಚೆನ್ನಾಗಿ ಆಯಿತು. ಹಿರಿಯರು ಹಳೇ ಕಾಲ ನೆನಪಾಯಿತು ಎಂದರು. ಮಣ್ಣಿನ ಗೋದಲಿಯಲ್ಲಿ ಮೊಳೆತ ರಾಗಿ ಪೈರು ಹಸಿರಾಗಿ ನಿಂತಿತ್ತು. ಬೀದಿಯಲ್ಲಿ ಒಂದು ಚೂರು ಪ್ಲಾಸ್ಟಿಕ್ ಇರಲಿಲ್ಲ. ಮರಿಯಯ್ಯ ಹೊಸ ಅಂಗಿ ತೊಟ್ಟು ಎಲ್ಲರ ಕೈ ಕುಲುಕಿದ. ದೊಡ್ಡ ನಕ್ಷತ್ರ ಡಬ್ಬದಲ್ಲೇ ಅಟ್ಟ ಸೇರಿತ್ತು. ಅವನಿಗೆ ಅದರ ಚಿಂತೆಯಿರಲಿಲ್ಲ, ಕಟ್ಟದೆಯೇ ಗೆದ್ದಿದ್ದ.

ಲೂರ್ದಮ್ಮ ಪೂಜೆಯಿಂದ ಬಂದವಳು ಜಗುಲಿಯಲ್ಲಿ ಕೂತಳು. ಒಲೆ ಹಚ್ಚಲಿಲ್ಲ. ಮನೆಯಿಂದ ಮನೆಗೆ ತಟ್ಟೆಗಳು ಓಡಾಡುತ್ತಿದ್ದವು. ಬಾಡಿನ ಸಾರು, ಕಜ್ಜಾಯ, ಚಕ್ಕುಲಿ. ಯಾರಾದರೂ ಇತ್ತ ತಿರುಗಿದರೆ ಅವಳು ನೆಟ್ಟಗೆ ಕೂರುತ್ತಿದ್ದಳು. ಬಂದವರು ಹಬ್ಬದ ನಗು ನಕ್ಕು ಮುಂದೆ ಹೋಗುತ್ತಿದ್ದರು. ಮಧ್ಯಾಹ್ನ ಎದುರು ಮನೆಯ ಯಶೋದಮ್ಮ ತಟ್ಟೆ ತುಂಬ ಕಜ್ಜಾಯ ತಂದಳು. ಅವಳು ಗೌಡರ ಪೈಕಿ, ಆದರೂ ಬೀದಿಯವರ ಜೊತೆ ತಾನೂ ನಕ್ಷತ್ರ ಕಟ್ಟುವ, ಹಬ್ಬ ಯಾರದಾದರೂ ಬಾಣಲೆ ಇಡುವ ಹೆಂಗಸು.

"ಇದ್ಯಾಕಕ್ಕ, ಒಲೆ ಹತ್ಸೇ ಇಲ್ಲ? ಅಬ್ಬುಕ್ಕೆ ಏನೂ ಮಾಡ್ನಿಲ್ವಾ?"

"ಮೈಗೆ ಉಸಾರಿಲ್ಲ ಕಣಮ್ಮಿ" ಎಂದಳು ಲೂರ್ದಮ್ಮ. ಯಶೋದಮ್ಮ ಅವಳ ಮುಖವನ್ನು ಒಂದು ಗಳಿಗೆ ನೋಡಿ, ತಟ್ಟೆ ಇಟ್ಟು ಹೋದಳು. ಕಜ್ಜಾಯಕ್ಕೆ ನೊಣ ಮುತ್ತಿತು.

ಸಂಜೆಯಾಯಿತು. ಇನ್ನು ಯಾರೂ ಬರುವುದಿಲ್ಲ ಎಂದು ಅವಳಿಗೆ ಗೊತ್ತಾಯಿತು. ಎದ್ದು ಒಳಗೆ ಹೋಗಬೇಕೆನ್ನುವಾಗ ಬೀದಿಯ ತುದಿಯಲ್ಲಿ ಒಬ್ಬ ಹುಡುಗ ಬೈಕು ನಿಲ್ಲಿಸಿ ಇಳಿದ. ಇಳಿದವನು ಅಲ್ಲೇ ನಿಂತುಬಿಟ್ಟ. ಈ ಕಡೆ ಸಾಲು ನೋಡಿದ, ಆ ಕಡೆ ಸಾಲು ನೋಡಿದ. ಆಮೇಲೆ ಕಾಲಿನ ಚಪ್ಪಲಿ ಬಿಟ್ಟು, ಅದನ್ನು ಬೈಕಿನ ಹತ್ತಿರವೇ ಇಟ್ಟು, ಬರಿಗಾಲಲ್ಲಿ ನಡೆದು ಬಂದ. ಅಶೋಕ. ಲೂರ್ದಮ್ಮ ಅವನನ್ನು ಫೋಟೋದಲ್ಲಿ ಬಿಟ್ಟು ಕಂಡವಳಲ್ಲ. ಫೋಟೋದಲ್ಲಿದ್ದ ಮೈಯಲ್ಲಿ ಅರ್ಧ ಉಳಿದಿತ್ತು.

ಬಂದವನು ಬಾಳೆಹಣ್ಣಿನ ಚಿಪ್ಪನ್ನು ಜಗುಲಿಯ ಮೇಲಿಟ್ಟ. ಬರಿದಾದ ಸೂರಿನ ಕಡೆ ಒಮ್ಮೆ ನೋಡಿದ.

"ಅತ್ತೆ, ನಾನು ಎದ್ರುಕೊಂಡೇ ಬಂದೆ. ನಿಮ್ಮನೇಲಿ ಸ್ಟಾರು ಕಟ್ಟಿರ್ತಾರೆ, ಅದ ನೋಡ್ಬುಟ್ರೆ ಎಂಗೆ ತಡ್ಕಳದು ಅಂತ. ಸಾವಾದ ಮನೇಲಿ ಕಟ್ಟಲ್ಲ ಅಂತ ಅವಳೇ ಯೋಳಿದ್ಲು." ಅವನು ತಿರುಗಿ ಬೀದಿಯನ್ನು ತೋರಿಸಿದ. "ನೀವಲ್ಲ, ಇಡೀ ಬೀದೀನೇ ಕಟ್ಟಿಲ್ವಲ್ಲ ಅತ್ತೆ. ಒಂದ್ ಮನೇಲೂ ಇಲ್ಲ. ಅವಳನ್ನ ಇಸ್ಟು ಮನಸ್ನಲ್ಲಿ ಮಡಿಕ್ಕಂಡಿದ್ರು ಅಂತ ನಂಗೆ ಗೊತ್ತೇ ಇರ್ಲಿಲ್ಲ. ನಮ್ಮನ್ನ ಯಾರೂ ಸೇರಸಲ್ಲ ಅಂದ್ಕಂಡಿದ್ದೆ." ಅವನು ಎದುರು ಮನೆಯ ಕಡೆ, ಪಕ್ಕದ ಮನೆಯ ಕಡೆ, ಬಾಗಿಲಲ್ಲಿ ನಿಂತವರ ಕಡೆ, ಒಬ್ಬೊಬ್ಬರಿಗೂ ಕೈ ಮುಗಿದ.

ಅದು ನಾಲೆಯ ಕಸಕ್ಕಪ್ಪ, ಪುಟ್ಟಸ್ವಾಮಿಯ ಗದ್ದೆಗಪ್ಪ, ನಿನ್ನ ಹೆಂಡತಿಗಲ್ಲ ಎಂದು ಲೂರ್ದಮ್ಮ ಯಾವ ಬಾಯಿಂದ ಹೇಳಿಯಾಳು? ಯಶೋದಮ್ಮ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಳು. ಪಕ್ಕದ ಮನೆಗೆ ಬಂದಿದ್ದ ಶಾಲಿನಿಯೂ ಕೇಳಿಸಿಕೊಂಡಳು. ಸಭೆಯಲ್ಲಿ ಲೂರ್ದಮ್ಮ ಎದ್ದು ನಿಂತು ಹೇಳಿದ್ದೇನು ಎಂಬುದು ಅವಳಿಗೆ ಈಗ ಅರ್ಥವಾಗಿತ್ತು. ಹುಡುಗನ ತಪ್ಪನ್ನು ಯಾರೂ ತಿದ್ದಲಿಲ್ಲ.

ಆಗ ಲೂರ್ದಮ್ಮ ಅತ್ತಳು. ಆಗಸ್ಟ್‌ನಿಂದ ಕಟ್ಟಿಟ್ಟದ್ದು ಕಿತ್ತುಕೊಂಡು ಬಂತು. ಕಂಡವರ ಸಾವಿಗೆಲ್ಲ ಮಾತು ಕಟ್ಟಿದ ನಾಲಗೆಗೆ ಅವತ್ತು ಒಂದು ಮಾತೂ ದಕ್ಕಲಿಲ್ಲ. "ದೀಪೂ, ದೀಪೂ" ಎಂದಷ್ಟೇ ಕೂಗಿದಳು. ಕೂಗಿಗೆ ಬೀದಿಯ ಜನವೆಲ್ಲ ಹೊರಗೆ ಬಂದರು. ಯಶೋದಮ್ಮ ಓಡಿಬಂದು ತಬ್ಬಿಕೊಂಡಳು. "ನಮಗೆ ಗೊತ್ತಿತ್ತು ಕಣಕ್ಕ. ನೀನೇ ಬಾಯ್ ಬುಡ್ನಿಲ್ಲ. ನೀನ್ ಬುಡ್ದೆ ನಾವ್ ಎಂಗಕ್ಕ ಕೇಳದು?" ಎಂದು ತಾನೂ ಅತ್ತಳು. ಒಬ್ಬೊಬ್ಬರಾಗಿ ಹೆಂಗಸರು ಬಂದು ಜಗುಲಿಯ ಮುಂದೆ ನೆಲದಲ್ಲೇ ಕೂತರು. ದೀಪಿಕ ಚಿಕ್ಕವಳಿದ್ದಾಗ ಹೀಗಿದ್ದಳು, ಹಾಗೆ ಓದುತ್ತಿದ್ದಳು ಎಂದು ಹೆಸರು ಬಾಯಿಂದ ಬಾಯಿಗೆ ಬಂತು.

ಒಳಗೆ ಕೂತು ಎಲ್ಲವನ್ನೂ ಕೇಳಿಸಿಕೊಂಡಿದ್ದ ಮರಿಯಯ್ಯ ಹೊರಗೆ ಬಂದ. ಬೈಯುತ್ತಾನೆ ಎಂದುಕೊಂಡು ಹೆಂಗಸರು ಸರಿದರು. ಅವನ ಕಂಕುಳಲ್ಲಿ ಚಾಪೆಯಿತ್ತು. ಅದನ್ನು ಜಗುಲಿಯ ಮೇಲೆ ಹಾಸಿದ. ಅಶೋಕನ ಮುಖ ನೋಡದೆ, "ಕೂತ್ಕಪ್ಪ" ಎಂದ. ತಾನೂ ಗೋಡೆಗೆ ಒರಗಿ ಕೂತ.

ಸ್ವಲ್ಪ ಹೊತ್ತಾದ ಮೇಲೆ ಲೂರ್ದಮ್ಮ ಕಣ್ಣೊರೆಸಿಕೊಂಡು ಕೇಳಿದಳು, "ಕೊನೇಲಿ ಮಕ ಎಂಗಿತ್ತಪ್ಪ, ನನ್ ಮಗಳ್ದು?"

"ಮಲಗ್ದಂಗೇ ಇತ್ತು ಅತ್ತೆ" ಎಂದ ಅಶೋಕ. "ಮಣ್ ಮಾಡಕ್ಕೆ ಜನ ಅವಸರ ಮಾಡುದ್ರು. ನಮ್ಮವ್ವ ಬುಡ್ನಿಲ್ಲ. ಸಂಜೆಗಂಟ ಅಂಗೇ ಮಡಗಿದ್ವಿ. ಆಸ್ಪತ್ರೇಲಿ ಅವಳು, ನಮ್ಮಪ್ಪನ ಕೋಪ ಒಂದೊತ್ತಿಂದು, ಅವ್ವನ್ನ ಕರ್ಕಂಡ್ ಬಂದೇ ಬತ್ತಾನೆ ಅಂತ ಯೋಳ್ತಾನೇ ಇದ್ಲು."

ಗೋಡೆಯ ಹತ್ತಿರ ಮರಿಯಯ್ಯ ಹೊಸ ಅಂಗಿಯ ತೋಳನ್ನು ಬಾಯಿಗೆ ತುರುಕಿಕೊಂಡು ಅಳತೊಡಗಿದ. ಗಂಡಸರು ಅವನ ಬೆನ್ನು ಸವರಿದರು. ಯಾರ ಮನೆಯ ಅಳುವಿಗೂ ಮೊದಲು ಹೋಗಿ ಕೂರುತ್ತಿದ್ದ ಲೂರ್ದಮ್ಮ, ಅವನ ಹತ್ತಿರ ಹೋಗಲಿಲ್ಲ.